ಸಾರ್ವಜನಿಕ ಸಂಪರ್ಕದ ವೃತ್ತಿ ಮಾನ್ಯತೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನೆಲೆಯಿಂದ ಒಂದು ಸಮೀಕ್ಷೆ

ಮಾನ್ಯತೆ ಎಂಬ ಮಾತಿಗೆ ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಮೂರು ಅರ್ಥಗಳು ರೂಢಿಯಲ್ಲಿವೆ. ಖಾಸಗಿ ಶಾಲೆಗೆ ಶಿಕ್ಷಣ ಇಲಾಖೆ ಕೊಡುವ ಮಾನ್ಯತೆ ಮೊದಲನೆಯದು. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ ಸಂಸ್ಥೆ ಕಾಲೇಜುಗಳನ್ನು ಪರಿಶೀಲಿಸಿ ಕೊಡುವ ಮಾನ್ಯತೆ ಎರಡನೆಯದು. ವಾರ್ತಾ ಇಲಾಖೆ ಪತ್ರಕರ್ತರಿಗೆ ಕೊಡುವ ಕಾರ್ಡು ಮೂರನೆಯದು. ಸಾರ್ವಜನಿಕ ಸಂಪರ್ಕದಲ್ಲಿ ವೃತ್ತಿ ಮಾನ್ಯತೆ ಎಂಬುದು ಈ ಮೂರಕ್ಕಿಂತ ಬೇರೆ. ಇಲ್ಲಿ ಮಾನ್ಯತೆ ಸಿಗುವುದು ಕಟ್ಟಡಕ್ಕಲ್ಲ, ಸಂಸ್ಥೆಗಲ್ಲ, ಸುದ್ದಿ ಬರೆಯುವವರಿಗೂ ಅಲ್ಲ. ಸಂಸ್ಥೆಯ ಪರವಾಗಿ ಜನರೊಂದಿಗೆ ಮಾತನಾಡುವ, ಜನರ ಮಾತನ್ನು ಸಂಸ್ಥೆಗೆ ಮುಟ್ಟಿಸುವ ವ್ಯಕ್ತಿಗೆ. ಆ ವ್ಯಕ್ತಿಗೆ ತಿಳಿವಳಿಕೆ ಇದೆ, ಕೆಲಸದ ಅನುಭವ ಇದೆ, ವೃತ್ತಿಯ ನೀತಿಗೆ ಆತ ಅಥವಾ ಆಕೆ ಬದ್ಧ ಎಂಬುದನ್ನು ಅದೇ ವೃತ್ತಿಯ ಹಿರಿಯರು ಪರೀಕ್ಷಿಸಿ ದೃಢಪಡಿಸುವುದೇ ಈ ಮಾನ್ಯತೆ.

ಪದವಿಗೂ ಮಾನ್ಯತೆಗೂ ವ್ಯತ್ಯಾಸವಿದೆ. ಪದವಿ ವೃತ್ತಿಯ ಆರಂಭದಲ್ಲಿ ಸಿಗುತ್ತದೆ, ಒಮ್ಮೆ ಪಡೆದರೆ ಜೀವಮಾನವಿಡೀ ಉಳಿಯುತ್ತದೆ. ಮಾನ್ಯತೆ ಹಲವು ವರ್ಷ ಕೆಲಸ ಮಾಡಿದ ಮೇಲೆ ಬರುತ್ತದೆ, ಕಾಲಕಾಲಕ್ಕೆ ನವೀಕರಿಸದಿದ್ದರೆ ಹೋಗುತ್ತದೆ, ನೀತಿ ತಪ್ಪಿದವರಿಂದ ಹಿಂತೆಗೆದುಕೊಳ್ಳಲೂ ಬರುತ್ತದೆ. ಸಂಘದ ಸದಸ್ಯತ್ವವೂ ಮಾನ್ಯತೆಯಲ್ಲ. ಚಂದಾ ಕಟ್ಟಿ ಸದಸ್ಯರಾದವರೆಲ್ಲ ಪರೀಕ್ಷೆಗೆ ಕೂತವರಲ್ಲ.

ಪರವಾನಗಿಯೋ, ಮಾನ್ಯತೆಯೋ

ಈ ವೃತ್ತಿಯ ಹುಟ್ಟಿನ ಜೊತೆಗೇ ಅದರ ಅರ್ಹತೆಯ ಪ್ರಶ್ನೆಯೂ ಹುಟ್ಟಿತು. ಅಮೆರಿಕದಲ್ಲಿ ಐವಿ ಲೀ 1906ರಲ್ಲಿ ಪತ್ರಿಕೆಗಳಿಗೆ ತನ್ನ ಕೆಲಸದ ತತ್ವಗಳನ್ನು ಘೋಷಿಸಿ, ಗುಟ್ಟಾಗಿ ಅಲ್ಲ, ಬಹಿರಂಗವಾಗಿಯೇ ಮಾಹಿತಿ ಕೊಡುವುದಾಗಿ ಹೇಳಿದ. ಎಡ್ವರ್ಡ್ ಬರ್ನೇಸ್ 1923ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಪಾಠ ಮಾಡಿದ. 1995ರಲ್ಲಿ, ನೂರು ವರ್ಷ ದಾಟಿದ ಮೇಲೆ ತೀರಿಕೊಂಡ ಬರ್ನೇಸ್ ಕೊನೆಗಾಲದಲ್ಲೂ ಒಂದೇ ವಾದ ಮಾಡುತ್ತಿದ್ದ: ವೈದ್ಯರಿಗೆ, ವಕೀಲರಿಗೆ ಇರುವ ಹಾಗೆ ಸಾರ್ವಜನಿಕ ಸಂಪರ್ಕದವರಿಗೂ ಸರ್ಕಾರದ ಪರವಾನಗಿ ಬೇಕು. ಅವನ ದೇಶ ಅದನ್ನು ಒಪ್ಪಲಿಲ್ಲ. ಮಾತನಾಡುವುದು ಎಲ್ಲರ ಹಕ್ಕು, ಇನ್ನೊಬ್ಬರ ಪರವಾಗಿ ಮಾತನಾಡಲು ಸರ್ಕಾರದ ಅಪ್ಪಣೆ ಕೇಳಬೇಕಾದರೆ ಆ ಹಕ್ಕಿಗೇ ಕುತ್ತು ಎಂಬುದು ಎದುರು ವಾದವಾಗಿತ್ತು.

ಬ್ರೆಜಿಲ್ ಬೇರೆ ದಾರಿ ಹಿಡಿಯಿತು. 1967ರ ಡಿಸೆಂಬರಿನಲ್ಲಿ ಅಲ್ಲಿ ಜಾರಿಯಾದ ಕಾನೂನು ಸಾರ್ವಜನಿಕ ಸಂಪರ್ಕವನ್ನು ನಿಯಂತ್ರಿತ ವೃತ್ತಿಯನ್ನಾಗಿ ಮಾಡಿತು. ನೈಜೀರಿಯ 1990ರಲ್ಲಿ ತನ್ನ ವೃತ್ತಿಸಂಘಕ್ಕೆ ಶಾಸನಬದ್ಧ ಅಧಿಕಾರ ಕೊಟ್ಟಿತು. ಬ್ರಿಟನ್ನಿನ ಸಂಘ 1948ರಲ್ಲಿ ಹುಟ್ಟಿ 2005ರಲ್ಲಿ ರಾಜ ಸನ್ನದು ಪಡೆಯಿತು. ಅಲ್ಲಿ ಸನ್ನದು ಪಡೆದ ವೃತ್ತಿನಿರತರು ಎನ್ನಿಸಿಕೊಳ್ಳಲು ನೀತಿ, ನಾಯಕತ್ವ, ಕಾರ್ಯತಂತ್ರ ಎಂಬ ಮೂರು ವಿಷಯಗಳ ಮೇಲೆ ಚರ್ಚೆಯ ಮೂಲಕ ಮೌಲ್ಯಮಾಪನ ನಡೆಯುತ್ತದೆ. ಹಾಗೆಂದು ಸನ್ನದಿಲ್ಲದವರಿಗೆ ಕೆಲಸ ನಿಷಿದ್ಧವಲ್ಲ.

ಅಮೆರಿಕದಲ್ಲಿ ಉಳಿದದ್ದು ಸ್ವಯಂಪ್ರೇರಿತ ಮಾನ್ಯತೆ. ಅಲ್ಲಿನ ಸಾರ್ವಜನಿಕ ಸಂಪರ್ಕ ಸಂಘ 1964ರಲ್ಲಿ ಆರಂಭಿಸಿದ ಮಾನ್ಯತೆಯನ್ನು 1998ರಿಂದ ಹಲವು ಸಂಘಗಳು ಕೂಡಿ ರಚಿಸಿಕೊಂಡ ಮಂಡಳಿ ನಡೆಸುತ್ತಿದೆ. ಎಪಿಆರ್ ಎಂಬ ಮೂರು ಅಕ್ಷರಗಳು ಹೆಸರಿನ ಮುಂದೆ ಬರುವುದು ಈ ಪರೀಕ್ಷೆಯಿಂದಲೇ. ಪರವಾನಗಿ ಇಲ್ಲದೆ ಕೆಲಸ ಮಾಡುವುದು ಅಪರಾಧ, ಮಾನ್ಯತೆ ಇಲ್ಲದೆ ಕೆಲಸ ಮಾಡುವುದು ಅಪರಾಧವಲ್ಲ. ಪರವಾನಗಿಗೂ ಮಾನ್ಯತೆಗೂ ಇರುವ ಅಂತರ ಇಷ್ಟೇ. ಆದರೆ ಸ್ವಂತ ಇಚ್ಛೆಯಿಂದ ಪರೀಕ್ಷೆಗೆ ಒಡ್ಡಿಕೊಳ್ಳುವುದರಲ್ಲೇ ಮಾನ್ಯತೆಯ ತೂಕವಿದೆ.

ಮಾನ್ಯತೆಯ ಮೆಟ್ಟಿಲುಗಳು

ಎಪಿಆರ್ ಪಡೆಯಲು ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಅರ್ಜಿ. ಸುಮಾರು ಐದು ವರ್ಷ ಕೆಲಸ ಮಾಡಿ ಅರ್ಜಿ ಹಾಕುವುದು ಒಳ್ಳೆಯದೆಂಬುದು ಸಲಹೆ. ಎರಡನೆಯದು ಮಂಡನೆ. ಈಗಾಗಲೇ ಮಾನ್ಯತೆ ಪಡೆದ ಮೂವರು ಹಿರಿಯರ ಮುಂದೆ ಅಭ್ಯರ್ಥಿ ತಾನು ಮಾಡಿದ ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ವಿವರಿಸಬೇಕು. ಸಮಸ್ಯೆ ಏನಿತ್ತು, ಅದು ಹೇಗೆ ಗೊತ್ತಾಯಿತು, ಯಾರನ್ನು ಮುಟ್ಟಬೇಕಿತ್ತು, ಏನು ಮಾಡಲಾಯಿತು, ಫಲ ಸಿಕ್ಕಿತೆಂಬುದಕ್ಕೆ ಪುರಾವೆ ಏನು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಬೇಕು. ಅದರಲ್ಲಿ ತೇರ್ಗಡೆಯಾದವರಿಗೆ ಮೂರನೆಯ ಮೆಟ್ಟಿಲಾಗಿ ಗಣಕದಲ್ಲಿ ಬಹು ಆಯ್ಕೆಯ ಪರೀಕ್ಷೆ. ಪಡೆದ ಮಾನ್ಯತೆಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಹೊಸದನ್ನು ಕಲಿತದ್ದಕ್ಕೆ, ಕಲಿಸಿದ್ದಕ್ಕೆ, ಸಮಾಜಸೇವೆಗೆ ಅಂಕಗಳಿವೆ.

ಪರೀಕ್ಷೆಯ ಬೆನ್ನೆಲುಬು ನಾಲ್ಕು ಹೆಜ್ಜೆಗಳ ಸೂತ್ರ: ಸಂಶೋಧನೆ, ಯೋಜನೆ, ಅನುಷ್ಠಾನ, ಮೌಲ್ಯಮಾಪನ. ಪ್ರಶ್ನೆಗಳಲ್ಲಿ ದೊಡ್ಡ ಪಾಲು ಇದಕ್ಕೇ ಮೀಸಲು. ಉಳಿದ ಪಾಲು ನೀತಿ ಮತ್ತು ಕಾನೂನು, ಬಿಕ್ಕಟ್ಟಿನ ನಿರ್ವಹಣೆ, ಸಂಬಂಧಗಳ ಪಾಲನೆ, ನಾಯಕತ್ವ, ಸಂವಹನದ ಸಿದ್ಧಾಂತಗಳಿಗೆ. ಪತ್ರಿಕಾ ಪ್ರಕಟಣೆ ಬರೆಯುವುದು, ಸುದ್ದಿಗೋಷ್ಠಿ ಕರೆಯುವುದು, ಶಾಲು ಹೊದಿಸಿ ಫೋಟೊ ತೆಗೆಸುವುದು ಇವೆಲ್ಲ ಮೂರನೆಯ ಹೆಜ್ಜೆಯ ಸಣ್ಣ ಭಾಗಗಳು. ಮೊದಲ ಎರಡು ಹೆಜ್ಜೆ ಬಿಟ್ಟು ನೇರ ಮೂರನೆಯದಕ್ಕೆ ಹಾರುವುದು, ನಾಲ್ಕನೆಯದನ್ನು ಮರೆಯುವುದು ಈ ವೃತ್ತಿಯ ಹಳೆಯ ದೋಷ. ಮಾನ್ಯತೆಯ ಪರೀಕ್ಷೆ ತಿದ್ದಲು ಹೊರಟಿರುವುದು ಅದನ್ನೇ.

ಭಾರತದಲ್ಲಿ, ಕರ್ನಾಟಕದಲ್ಲಿ

ಭಾರತದಲ್ಲಿ ಲೆಕ್ಕ ಪರಿಶೋಧಕರಿಗೆ 1949ರ ಕಾಯ್ದೆ ಇದೆ, ವಕೀಲರಿಗೆ 1961ರ ಕಾಯ್ದೆ ಇದೆ. ಸಾರ್ವಜನಿಕ ಸಂಪರ್ಕಕ್ಕೆ ಅಂತಹ ಕಾಯ್ದೆ ಇಲ್ಲ. ಪಿಆರ್‌ಒ ಎಂಬ ಫಲಕವನ್ನು ಯಾರು ಬೇಕಾದರೂ ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ಈ ಕೊರತೆಯನ್ನು ವೃತ್ತಿಸಂಘಗಳು ತಮ್ಮ ಮಟ್ಟಿಗೆ ತುಂಬಲು ಯತ್ನಿಸಿವೆ. ಭಾರತೀಯ ಸಾರ್ವಜನಿಕ ಸಂಪರ್ಕ ಸಂಘ, ಅಂದರೆ ಪಿಆರ್‌ಎಸ್‌ಐ, 1958ರಲ್ಲಿ ಹುಟ್ಟಿತು. 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ನಡೆದ ಮೊದಲ ಅಖಿಲ ಭಾರತ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ಸಂಘದ ನೀತಿ ಸಂಹಿತೆಯನ್ನು ಅಂಗೀಕರಿಸಲಾಯಿತು. ಆ ನೆನಪಿಗೆ 1986ರಿಂದ ಏಪ್ರಿಲ್ 21 ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ. ಪಿಆರ್‌ಎಸ್‌ಐಗೆ ಬೆಂಗಳೂರಿನಲ್ಲಿ ಶಾಖೆ ಇದೆ. 2004ರಲ್ಲಿ ಆರಂಭವಾದ ಭಾರತೀಯ ಸಾರ್ವಜನಿಕ ಸಂಪರ್ಕ ಪರಿಷತ್ತು, ಪಿಆರ್‌ಸಿಐ, ಬೆಂಗಳೂರಿನಲ್ಲೇ ನೆಲೆಯೂರಿದೆ.

ಕರ್ನಾಟಕದಲ್ಲಿ ಈ ಕೆಲಸದ ದೊಡ್ಡ ನೆಲೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ. ‘ಜನಪದ’ ಮಾಸಿಕ, ಜಿಲ್ಲೆಗೊಂದು ವಾರ್ತಾ ಕಚೇರಿ, ಪತ್ರಿಕಾ ಪ್ರಕಟಣೆ, ಬೀದಿ ನಾಟಕ, ವಸ್ತುಪ್ರದರ್ಶನ ಎಲ್ಲವೂ ಅದರ ಕೆಲಸದ ವ್ಯಾಪ್ತಿಯಲ್ಲಿವೆ. ಕಲಿಕೆಗೆ ನೆಲೆಗಳೂ ಇವೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪತ್ರಿಕೋದ್ಯಮ ವಿಭಾಗ ಆರಂಭವಾಯಿತು. 1987ರ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ, 2009ರ ದಾವಣಗೆರೆ ವಿಶ್ವವಿದ್ಯಾಲಯ ತೋಳಹುಣಸೆಯ ಬಳಿಯ ಶಿವಗಂಗೋತ್ರಿಯಲ್ಲಿದೆ. ಎರಡರಲ್ಲೂ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಸ್ನಾತಕೋತ್ತರ ಕಲಿಕೆ ಇದೆ. ಪದವಿಯವರೆಗಿನ ದಾರಿ ಮನೆಗೆ ಹತ್ತಿರದಲ್ಲಿದೆ. ಪದವಿಯಾಚೆಗಿನ ಮಾನ್ಯತೆಯ ದಾರಿಯೇ ದೂರ.

ನಾಲ್ಕು ತಾಲ್ಲೂಕುಗಳಲ್ಲಿ ಈ ಕೆಲಸ

ಈ ನಾಲ್ಕೂ ತಾಲ್ಲೂಕುಗಳಿರುವ ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾಯಿತು. ಈ ನಾಲ್ಕು ಕಡೆ ಸಾರ್ವಜನಿಕ ಸಂಪರ್ಕ ಎಂಬ ಹೆಸರಿನ ಹುದ್ದೆ ಅಪರೂಪ, ಕೆಲಸ ಮಾತ್ರ ದಿನನಿತ್ಯದ್ದು. ಗ್ರಾಮಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಸಹಕಾರ ಸಂಘದಲ್ಲಿ ಕಾರ್ಯದರ್ಶಿ, ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಮಠದ ಕಾಲೇಜಿನ ಉಪನ್ಯಾಸಕ ಎಲ್ಲರೂ ಇದನ್ನು ಮಾಡುತ್ತಾರೆ. ಹಿಂದೆ ತಮಟೆ ಬಡಿದು ಡಂಗುರ ಸಾರಿದ ಕೆಲಸವೇ ಇಂದು ಆಟೊಗೆ ಕಟ್ಟಿದ ಮೈಕಿಗೆ, ಕಸದ ಗಾಡಿಯ ಧ್ವನಿವರ್ಧಕಕ್ಕೆ, ವಾಟ್ಸ್‌ಆ್ಯಪ್ ಗುಂಪಿಗೆ ದಾಟಿದೆ. ಮಾನ್ಯತೆಯ ಮಂಡನೆಗೆ ಬೇಕಾದ ಅನುಭವ ಇಲ್ಲಿ ಹೇರಳವಾಗಿದೆ. ಪ್ರತಿ ತಾಲ್ಲೂಕಿನ ಒಂದೊಂದು ಸಂದರ್ಭವೇ ಇದಕ್ಕೆ ಸಾಕ್ಷಿ.

ಚನ್ನಗಿರಿ ಅಡಿಕೆಯ ನಾಡು. ತುಮ್ಕೋಸ್‌ನಂತಹ ಬೆಳೆಗಾರರ ಸಹಕಾರ ಸಂಘ ಇಲ್ಲಿದೆ. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟ ಸುದ್ದಿ ಬಂದಾಗ ಅಡಿಕೆ ನಾಡಿನಲ್ಲೆಲ್ಲ ಆತಂಕ ಹಬ್ಬಿತ್ತು. ಇಂತಹ ಹೊತ್ತಿನಲ್ಲಿ ಬೆಳೆಗಾರನಿಗೆ ಬೇಕಾದದ್ದು ಧೈರ್ಯದ ಮಾತಲ್ಲ, ವಿವರ. ಹಸಿ ಅಡಿಕೆಗೂ ಬೇಯಿಸಿ ಒಣಗಿಸಿದ ರಾಶಿ ಅಡಿಕೆಗೂ ತೂಕದಲ್ಲಿ ಎಷ್ಟು ಅಂತರ, ದೇಶದ ಒಟ್ಟು ಬೆಳೆಯಲ್ಲಿ ಆಮದಿನ ಪಾಲು ಎಷ್ಟು, ಈ ವಾರದ ಧಾರಣೆ ಎಲ್ಲಿ ನಿಂತಿದೆ ಎಂಬುದನ್ನು ಸಂಘವೇ ತಿಳಿಯಾದ ಕನ್ನಡದಲ್ಲಿ ಅದೇ ದಿನ ಹೇಳಿದರೆ ವದಂತಿಗೆ ಜಾಗ ಸಿಗುವುದಿಲ್ಲ. ಬಿಕ್ಕಟ್ಟಿನ ನಿರ್ವಹಣೆ ಎಂದು ಪಠ್ಯಪುಸ್ತಕ ಕರೆಯುವುದು ಇದನ್ನೇ.

ಹೊನ್ನಾಳಿಯದು ಹೊಳೆಯ ಪ್ರಶ್ನೆ. ಕೂಡಲಿಯಲ್ಲಿ ಒಂದಾದ ತುಂಗೆ, ಭದ್ರೆ ಮುಂದೆ ಹರಿದು ಹೊನ್ನಾಳಿಗೆ ಬರುತ್ತವೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಮುಂಗಾರು ಬಿರುಸಾದರೆ ಬೇಗ ತುಂಬಿ ನೀರು ಹೊರಬೀಳುತ್ತದೆ. ಭದ್ರಾ ಜಲಾಶಯದ ಮಟ್ಟ 186 ಅಡಿ ಮುಟ್ಟಿ ಅಲ್ಲಿಂದಲೂ ನೀರು ಬಿಟ್ಟರೆ ಹೊನ್ನಾಳಿಯ ತಗ್ಗಿನ ಬೀದಿಗಳಿಗೆ ಹೊಳೆ ನುಗ್ಗುತ್ತದೆ. ಇಷ್ಟು ಸಾವಿರ ಕ್ಯುಸೆಕ್ ನೀರು ಬಿಡಲಾಗಿದೆ ಎಂಬ ಪ್ರಕಟಣೆ ಎಂಜಿನಿಯರಿಗೆ ಅರ್ಥವಾಗುತ್ತದೆ, ಹೊಳೆದಂಡೆಯ ಮನೆಯಲ್ಲಿ ಹಸುಗೂಸು ಇಟ್ಟುಕೊಂಡವಳಿಗೆ ಆಗುವುದಿಲ್ಲ. ಯಾವ ಬೀದಿಗೆ ನೀರು ಬರಬಹುದು, ಎಷ್ಟು ಹೊತ್ತಿಗೆ, ಎಲ್ಲಿಗೆ ಹೋಗಬೇಕು, ದನಕರುಗಳನ್ನು ಎಲ್ಲಿ ಕಟ್ಟಬೇಕು ಎಂಬ ನಾಲ್ಕು ಮಾತುಗಳೇ ಅಲ್ಲಿ ಸಂವಹನ. ಮೌಲ್ಯಮಾಪನದ ಅಳತೆಗೋಲೂ ಅಲ್ಲಿ ಸ್ಪಷ್ಟ: ನೀರು ಬರುವ ಮುಂಚೆ ಎಷ್ಟು ಮನೆ ತೆರವಾದವು ಎಂಬುದು ಲೆಕ್ಕಕ್ಕೆ ಬರುತ್ತದೆ. ಪ್ರಕಟಣೆ ಎಷ್ಟು ಪತ್ರಿಕೆಗಳಲ್ಲಿ ಬಂತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪಾಲಿಗೆ ಸೇವಾಲಾಲರ ಜನ್ಮಸ್ಥಳ. ಸೇವಾಲಾಲ್ ಜಯಂತಿಗೆ ಮಾಲೆ ಧರಿಸಿದ ಭಕ್ತರು ದೂರದೂರದಿಂದ ನಡೆದು ಬರುತ್ತಾರೆ. ತಾಂಡಾಗಳ ಮನೆಮಾತು ಲಂಬಾಣಿ, ಅದಕ್ಕೆ ಸ್ವಂತ ಲಿಪಿ ಇಲ್ಲ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋದವರು ಊರಿನಲ್ಲಿ ಇರುವುದೇ ವರ್ಷದ ಕೆಲವು ತಿಂಗಳು. ಲಸಿಕೆಯ ಮಾಹಿತಿಯನ್ನೋ ಪಡಿತರದ ಬದಲಾವಣೆಯನ್ನೋ ಕನ್ನಡದ ಕರಪತ್ರದಲ್ಲಿ ಮುದ್ರಿಸಿ ಗುಳೆಯ ತಿಂಗಳಲ್ಲಿ ಹಂಚಿದರೆ ಕಾಗದ ಖರ್ಚಾಗುತ್ತದೆ, ಮಾತು ಮುಟ್ಟುವುದಿಲ್ಲ. ಯಾರಿಗೆ, ಯಾವ ಭಾಷೆಯಲ್ಲಿ, ಯಾವ ಕಾಲದಲ್ಲಿ, ಯಾರ ಬಾಯಿಂದ ಹೇಳಬೇಕು ಎಂದು ಮೊದಲು ವಿಚಾರಿಸುವುದೇ ಸಂಶೋಧನೆ. ತಾಂಡಾದ ನಾಯಕನೊಂದಿಗೆ ಕೂತು ಮಾತನಾಡಿದ ಒಂದು ಸಂಜೆಯೂ ಸಂಶೋಧನೆಯೇ, ಅದನ್ನು ಬರೆದಿಟ್ಟರೆ. ಹೊನ್ನಾಳಿ, ನ್ಯಾಮತಿಯ ಮೆಕ್ಕೆಜೋಳದ ರೈತರಿಗೆ 2018 ಇನ್ನೊಂದು ಪಾಠ ಕಲಿಸಿತು. ದೇಶದಲ್ಲೇ ಮೊದಲ ಬಾರಿಗೆ ಫಾಲ್ ಸೈನಿಕ ಹುಳು ಆ ವರ್ಷದ ಮೇ ತಿಂಗಳಲ್ಲಿ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಪತ್ತೆಯಾಯಿತು. ಹೆಸರೇ ಕೇಳದ ಕೀಟದ ಗುರುತು, ಅದರ ಹತೋಟಿಯ ಕ್ರಮ ರೈತನಿಗೆ ತಿಳಿಯುವ ಮಾತಿನಲ್ಲಿ ಬೇಗ ತಲುಪಿದಷ್ಟೂ ಬೆಳೆ ಉಳಿಯುತ್ತದೆ.

ಜಗಳೂರು ಬರದ ಸೀಮೆ. ಇಲ್ಲಿನ ಜನ ಅತಿ ಹೆಚ್ಚು ಕೇಳಿದ ಮಾತು ನೀರಿನ ಭರವಸೆ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆ ಯೋಜನೆ ಎರಡರ ಸುದ್ದಿಯೂ ವರ್ಷಗಟ್ಟಲೆ ಇಲ್ಲಿ ಓಡಾಡಿದೆ. ಭದ್ರಾ ಮೇಲ್ದಂಡೆಗೆ 2023-24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಘೋಷಣೆ, ಮಂಜೂರಾತಿ, ಹಣ ಬಿಡುಗಡೆ, ಕಾಮಗಾರಿ ಮುಕ್ತಾಯ ಈ ನಾಲ್ಕೂ ಬೇರೆ ಬೇರೆ ಪದಗಳು. ಘೋಷಣೆಯಾದದ್ದನ್ನು ಬಿಡುಗಡೆಯಾಯಿತೆಂದು, ಭೂಮಿಪೂಜೆಯಾದದ್ದನ್ನು ನೀರು ಬಂತೆಂದು ಬರೆಯುವ ಪ್ರಕಟಣೆ ಒಂದು ದಿನದ ಚಪ್ಪಾಳೆಗೆ ಹತ್ತು ವರ್ಷದ ನಂಬಿಕೆಯನ್ನು ಬಲಿ ಕೊಡುತ್ತದೆ. ಸಾರ್ವಜನಿಕ ಸಂಪರ್ಕದ ನೀತಿಶಾಸ್ತ್ರವನ್ನು ಕಲಿಸಲು ಜಗಳೂರಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ನೀತಿ ಮತ್ತು ಕಾನೂನು

ಮಾನ್ಯತೆಯ ಪರೀಕ್ಷೆಗಳಲ್ಲಿ ಕಾನೂನಿನ ಭಾಗ ಆಯಾ ದೇಶದ್ದು. ಅಮೆರಿಕದ ಪರೀಕ್ಷೆ ಅಲ್ಲಿನ ವಾಕ್ ಸ್ವಾತಂತ್ರ್ಯ, ಮಾನನಷ್ಟ, ಕೃತಿಸ್ವಾಮ್ಯದ ಕಾನೂನುಗಳನ್ನು ಕೇಳುತ್ತದೆ. ಹೊನ್ನಾಳಿಯಲ್ಲಿ ಕೆಲಸ ಮಾಡುವವರಿಗೆ ಬೇಕಾದದ್ದು ಬೇರೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ 17 ಬಾಬುಗಳ ಮಾಹಿತಿಯನ್ನು, ಯಾರೂ ಕೇಳುವ ಮುಂಚೆಯೇ, ತಾನಾಗಿ ಪ್ರಕಟಿಸಬೇಕು. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯನ್ನು ಕಡ್ಡಾಯ ಮಾಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವುದರಿಂದ ಫಲಾನುಭವಿಗಳ ಆಧಾರ್ ಸಂಖ್ಯೆ, ಫೋನ್ ನಂಬರುಗಳ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮುನ್ನ ಕೈ ತಡೆಯಬೇಕು. ಚುನಾವಣೆ ಬಂದರೆ ಜಿಲ್ಲಾ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ, ಎಂಸಿಎಂಸಿ, ಕಾಸಿಗಾಗಿ ಸುದ್ದಿಯ ಮೇಲೆ ಕಣ್ಣಿಡುತ್ತದೆ. ಜಾಹೀರಾತನ್ನು ಸುದ್ದಿಯ ವೇಷದಲ್ಲಿ ಹಾಕಿಸುವುದು ಅಭ್ಯರ್ಥಿಯನ್ನಷ್ಟೇ ಅಲ್ಲ, ಆ ಕೆಲಸ ಮಾಡಿಸಿದ ಸಂಪರ್ಕಾಧಿಕಾರಿಯ ಹೆಸರನ್ನೂ ಕೆಡಿಸುತ್ತದೆ.

ಅಂತರರಾಷ್ಟ್ರೀಯ ಸಂಘ 1961ರಲ್ಲಿ ವೆನಿಸ್‌ನಲ್ಲಿ, 1965ರಲ್ಲಿ ಅಥೆನ್ಸ್‌ನಲ್ಲಿ ಒಪ್ಪಿಕೊಂಡ ಸಂಹಿತೆಗಳ ಸಾರ ಸರಳ: ಸತ್ಯಕ್ಕೆ ದ್ರೋಹ ಮಾಡಬಾರದು, ಒಂದೇ ವಿಷಯದಲ್ಲಿ ಇಬ್ಬರು ಎದುರಾಳಿಗಳ ಪರ ನಿಲ್ಲಬಾರದು, ಜನರ ಘನತೆಗೆ ಕುಂದು ತರಬಾರದು. ಸಂಹಿತೆಯನ್ನು ಗೋಡೆಗೆ ತೂಗುಹಾಕುವುದು ಸುಲಭ. ಸಂಹಿತೆ ಮುರಿದವರನ್ನು ಪ್ರಶ್ನಿಸುವ ಪೀಠ ಇದ್ದಾಗ ಮಾತ್ರ ಅದಕ್ಕೆ ಬೆಲೆ. ಅಂತಹ ಪೀಠವನ್ನು ಒದಗಿಸುವುದೇ ಮಾನ್ಯತೆಯ ಅತಿ ದೊಡ್ಡ ಉಪಯೋಗ.

ದಾರಿಯ ತೊಡಕುಗಳು

ತಾಲ್ಲೂಕು ಮಟ್ಟದಿಂದ ಮಾನ್ಯತೆಗೆ ಹೊರಟವರಿಗೆ ಮೊದಲು ಎದುರಾಗುವುದು ಭಾಷೆ. ಎಪಿಆರ್ ಆಗಲಿ, ಬ್ರಿಟನ್ನಿನ ಸನ್ನದಾಗಲಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ದಿನವಿಡೀ ಕನ್ನಡದಲ್ಲಿ, ಲಂಬಾಣಿಯಲ್ಲಿ, ಉರ್ದುವಿನಲ್ಲಿ ಜನರನ್ನು ಒಲಿಸುವವರ ಕೌಶಲ ಆ ಪರೀಕ್ಷೆಯಲ್ಲಿ ಕಾಣಿಸುವುದೇ ಇಲ್ಲ. ಎರಡನೆಯದು ಖರ್ಚು. ವಿದೇಶಿ ಸಂಘದ ಸದಸ್ಯತ್ವ, ಪರೀಕ್ಷಾ ಶುಲ್ಕ, ನವೀಕರಣ ಎಲ್ಲವೂ ಡಾಲರ್, ಪೌಂಡಿನ ಲೆಕ್ಕ. ಮೂರನೆಯದು ದಾಖಲೆಯ ಕೊರತೆ. ಕೆಲಸ ನಡೆದಿರುತ್ತದೆ, ಆದರೆ ಸಮಸ್ಯೆ ಏನಿತ್ತು, ಗುರಿ ಏನಿತ್ತು, ಫಲ ಏನಾಯಿತು ಎಂಬುದು ಕಡತದಲ್ಲಿ ಇರುವುದಿಲ್ಲ, ಇರುವುದು ಪತ್ರಿಕಾ ತುಣುಕುಗಳ ಆಲ್ಬಮ್ ಮಾತ್ರ. ನಾಲ್ಕನೆಯದು ನೇಮಕಾತಿಯ ರೂಢಿ. ಸರ್ಕಾರಿ ಹುದ್ದೆಗೆ ಕೆಪಿಎಸ್‌ಸಿ ಪರೀಕ್ಷೆ ಮತ್ತು ಪದವಿ ಸಾಕು, ಖಾಸಗಿ ಸಂಸ್ಥೆಗೆ ಪರಿಚಯ ಸಾಕು. ಮಾನ್ಯತೆಯನ್ನು ಕೇಳುವವರೇ ಇಲ್ಲದಿದ್ದರೆ ಪಡೆಯುವವರು ಎಲ್ಲಿಂದ ಬರಬೇಕು?

ಮಾನ್ಯತೆಯ ವಿರುದ್ಧವೂ ವಾದಗಳಿವೆ. ಪರೀಕ್ಷೆಯಲ್ಲಿ ಗೆದ್ದವರೆಲ್ಲ ಪ್ರಾಮಾಣಿಕರಲ್ಲ, ಗೆಲ್ಲದವರು ದಡ್ಡರೂ ಅಲ್ಲ. ಪಟ್ಟಣದ, ಇಂಗ್ಲಿಷ್ ಬಲ್ಲ, ಹಣವುಳ್ಳ ಕೆಲವರ ಕೂಟವಾಗಿ ಅದು ಕುಗ್ಗುವ ಅಪಾಯವಿದೆ. ಈ ಟೀಕೆಗಳಲ್ಲಿ ಹುರುಳಿದೆ. ಆದರೆ ಅವು ತೋರಿಸುವುದು ಮಾನ್ಯತೆ ಬೇಡವೆಂದಲ್ಲ, ಇಲ್ಲಿನ ಕೆಲಸವನ್ನು ಅಳೆಯುವ ಅಳತೆಗೋಲು ಇಲ್ಲಿಯದೇ ಆಗಿರಬೇಕೆಂದು.

ಆಗಬೇಕಾದ ಕೆಲಸ

ಈಗಲೇ ಮಾಡಬಹುದಾದ ತಯಾರಿಗೆ ಯಾರ ಅಪ್ಪಣೆಯೂ ಬೇಡ. ಚನ್ನಗಿರಿಯ ಸಹಕಾರ ಸಂಘದಲ್ಲೋ ಜಗಳೂರಿನ ಪಂಚಾಯಿತಿಯಲ್ಲೋ ಇರುವವರು ವರ್ಷಕ್ಕೆ ಒಂದು ಕೆಲಸವನ್ನಾದರೂ ನಾಲ್ಕು ಹೆಜ್ಜೆಯ ಸೂತ್ರದಲ್ಲಿ ಬರೆದಿಡಬಹುದು. ಶುರುವಿನಲ್ಲಿ ಜನರಿಗೆ ಏನು ತಿಳಿದಿತ್ತು, ಕೊನೆಯಲ್ಲಿ ಏನು ತಿಳಿಯಿತು ಎಂದು ಐವತ್ತು ಮನೆಗಳಲ್ಲಿ ಕೇಳಿ ಬರೆದರೂ ಅದು ಪುರಾವೆಯೇ. ಐದು ವರ್ಷದ ಇಂತಹ ಐದು ಕಡತಗಳಿದ್ದರೆ ಯಾವ ದೇಶದ ಪರೀಕ್ಷಕರ ಮುಂದೆಯೂ ತಲೆಯೆತ್ತಿ ಕೂರಬಹುದು.

ಸಂಸ್ಥೆಗಳ ಪಾಲಿನ ಕೆಲಸ ಇದಕ್ಕಿಂತ ದೊಡ್ಡದು. ಪಿಆರ್‌ಎಸ್‌ಐ, ಪಿಆರ್‌ಸಿಐಗಳಿಗೆ ಬೆಂಗಳೂರಿನಲ್ಲಿ ನೆಲೆಯಿದೆ. ವಾರ್ತಾ ಇಲಾಖೆಗೆ ಪ್ರತಿ ಜಿಲ್ಲೆಯಲ್ಲೂ ಕಚೇರಿಯಿದೆ. ಪಂಚಾಯಿತಿಯವರಿಗೆ ತರಬೇತಿ ಕೊಡುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಮೈಸೂರಿನಲ್ಲಿದೆ. ಶಂಕರಘಟ್ಟ, ಶಿವಗಂಗೋತ್ರಿಗಳಲ್ಲಿ ಕಲಿಸುವವರಿದ್ದಾರೆ. ಇವರೆಲ್ಲ ಕೂಡಿದರೆ ಕನ್ನಡದಲ್ಲೇ ಒಂದು ಮಾನ್ಯತಾ ಪರೀಕ್ಷೆ ರೂಪಿಸಬಹುದು: ಭಾರತದ ಕಾನೂನು, ಕರ್ನಾಟಕದ ಸಂದರ್ಭ, ಮೂವರು ಹಿರಿಯರ ಮುಂದೆ ಕನ್ನಡದಲ್ಲಿ ಮಂಡನೆ, ಮೂರು ವರ್ಷಕ್ಕೊಮ್ಮೆ ನವೀಕರಣ, ನೀತಿ ತಪ್ಪಿದರೆ ಹಿಂತೆಗೆತ. ಶುಲ್ಕ ಪಿಡಿಒ ಒಬ್ಬರ ಕೈಗೆಟಕುವಷ್ಟಿರಬೇಕು. ಪರೀಕ್ಷೆ ಬೆಂಗಳೂರಿನಲ್ಲಷ್ಟೇ ಅಲ್ಲ, ದಾವಣಗೆರೆಯಲ್ಲೂ ನಡೆಯಬೇಕು.

ಹೊಳೆಯ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಸರಿಯಾಗಿ ಹೇಳುವವರು, ಬಾರದ ನೀರನ್ನು ಬಂತೆನ್ನದವರು ಈ ನಾಲ್ಕು ತಾಲ್ಲೂಕುಗಳಿಗೆ ಬೇಕು. ಅಂಥವರನ್ನು ಗುರುತಿಸುವ ಪರೀಕ್ಷೆ ಅವರ ಭಾಷೆಯಲ್ಲಿ ನಡೆದ ದಿನ ಸಾರ್ವಜನಿಕ ಸಂಪರ್ಕ ಕರ್ನಾಟಕದಲ್ಲಿ ನಿಜವಾದ ಅರ್ಥದಲ್ಲಿ ವೃತ್ತಿಯಾಗುತ್ತದೆ.